ಅತ್ತೆಯ ಎಡಮೆದುಳು ಮತ್ತು ಕೀಲಿಕೈ ಗೊಂಚಲು

ಮೆದುಳಿನ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ನೆನಪಿಲ್ಲ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಅದೊಂದು ವಾರ್ಷಿಕ ವ್ರತ. ಮೇಲೆ ಹೂಕೋಸಿನಂಥ ದೊಡ್ಡ ಮೆದುಳು, ಹಿಂದೆ ಅದಕ್ಕೆ ಜೋತುಬಿದ್ದ ಚಿಕ್ಕ ಮೆದುಳು, ಕೆಳಗೆ ಕಾಂಡ. ಇದು ಯೋಚನೆಗೆ, ಇದು ಆಯ ತಪ್ಪದೆ ನಡೆಯುವುದಕ್ಕೆ, ಇದು ಉಸಿರಿಗೆ ಎಂದು ಬಾಣ ಹಾಕಿ ಹೆಸರು ಬರೆದರೆ ಪಾಠ ಮುಗಿಯಿತು. ಇಷ್ಟು ವರ್ಷ ಬಾಣ ಹಾಕಿ ಹಾಕಿ, ಮನುಷ್ಯರ ತಲೆಯಲ್ಲಿ ಯಾವುದು ಎಲ್ಲಿದೆ ಅನ್ನೋದು ನನಗೆ ನಮ್ಮ ಅಡುಗೆಮನೆಯ ಡಬ್ಬಿಗಳಷ್ಟೇ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಖರೇ ಹೇಳಬೇಕೆಂದರೆ ಆ ಡಬ್ಬಿಗಳೂ ನನಗೆ ಗೊತ್ತಿರಲಿಲ್ಲ. ಅವು ನಮ್ಮ ಅತ್ತೆಯ ಇಲಾಖೆ.

ಅತ್ತೆಗೆ ಎಪ್ಪತ್ತು ದಾಟಿದೆ. ಸೊಂಟದಲ್ಲಿ ಸದಾ ಒಂದು ಕೀಲಿಕೈ ಗೊಂಚಲು. ಕಪಾಟಿನದು, ಕಾಳಿನ ಕೋಣೆಯದು, ಹಿತ್ತಲ ಬಾಗಿಲಿನದು. ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ ಸಕ್ಕರೆ ಮುಗಿದರೆ ನಾನು ಮೊದಲು ನೋಡುವುದು ಅವರ ಸೊಂಟವನ್ನೇ. ವಾರಕ್ಕೊಮ್ಮೆ ಒಬ್ಬರೇ ಶೇರಿಂಗ್ ಆಟೋ ಹತ್ತಿ ಮುಡಬಿಯ ತಂಗಿಯ ಮನೆಗೆ ಹೋಗಿ, ನನ್ನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಹಗುರಾಗಿ ಬರುತ್ತಾರೆ.

ಒಂದು ದಿನ ಬೆಳಿಗ್ಗೆ ಒಲೆಯ ಮುಂದೆ ನಿಂತವರು, "ಸುನಂದಾ, ಆ ಛತ್ರಿ ಕೊಡು, ಸಾರು ತಿರವಬೇಕು" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಹುಮನಾಬಾದಿನ ದವಾಖಾನೆ ಮುಟ್ಟುವ ಹೊತ್ತಿಗೆ ಬಾಯಿ ಸರಿಯಾಗಿತ್ತು, ಮಾತೂ ಸರಿಯಾಗಿತ್ತು. ಆದರೆ ಸ್ಕ್ಯಾನಿನಲ್ಲಿ ಎಡಗಡೆ ಹೆಸರುಕಾಳಿನಷ್ಟು ಚುಕ್ಕೆ. ಡಾಕ್ಟರು ಮೈಸೂರು ಕಡೆಯ ಹುಡುಗ, ಬಂದು ಒಂದು ತಿಂಗಳಾಗಿತ್ತಷ್ಟೆ. ಸಣ್ಣ ರಕ್ತದ ಗಡ್ಡೆ, ಮಾತಿನ ಜಾಗದ ಪಕ್ಕದಲ್ಲೇ ಆಗಿದೆ, ವಸ್ತುಗಳ ಹೆಸರು ಕೈಕೊಡಬಹುದು ಎಂದು ತಿಳಿಸಿ ಪರೀಕ್ಷೆ ಶುರು ಮಾಡಿದರು. ಪೆನ್ನು ತೋರಿಸಿದರೆ ಪೆನ್ನು ಅಂದರು ಅತ್ತೆ. ಕನ್ನಡಕ ತೋರಿಸಿದರೆ ಚಾಳೀಸು ಅಂದರು. ಡಾಕ್ಟರು ನನ್ನ ಮುಖ ನೋಡಿದರು, ನಮ್ಮ ಕಡೆ ಹಾಗೇ ಅನ್ನೋದು ಅಂದೆ. ಆಮೇಲೆ ಕೊನೆಯ ಪ್ರಶ್ನೆ.

"ಅಜ್ಜಿ, ನಿಮ್ಮ ಯಜಮಾನರ ಹೆಸರೇನು?"

ಅತ್ತೆ ತಲೆ ತಗ್ಗಿಸಿದರು. ಡಾಕ್ಟರು ಮತ್ತೆ ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಗೋಡೆ ನೋಡಿದರು. ಮೂರನೆಯ ಸಲ ಕೇಳಿದಾಗ ನನ್ನ ಕಡೆ ನೋಡಿದರು. ನಾನು ಸ್ಕ್ಯಾನಿನ ಚುಕ್ಕೆ ನೋಡುತ್ತಿದ್ದೆ. ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡು, ಆಪ್ತರ ಹೆಸರೇ ನೆನಪಾಗುತ್ತಿಲ್ಲ, ಒಬ್ಬರನ್ನೇ ಹೊರಗೆ ಬಿಡಬೇಡಿ, ಒಲೆಯ ಹತ್ತಿರ ಬಿಡಬೇಡಿ ಎಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಗಂಡನಿಗೆ ಫೋನಿನಲ್ಲಿ ಇಡೀ ಪಾಠ ಒಪ್ಪಿಸಿದೆ. ಎಡಭಾಗ, ಪಕ್ಕದ ಹಾಲೆ, ಹೆಸರುಗಳ ಉಗ್ರಾಣ. ಅತ್ತೆ ಪಕ್ಕದಲ್ಲೇ ಕೂತು ತಮ್ಮ ಮೆದುಳಿನ ವಿವರಣೆಯನ್ನು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು. ಮನೆಯಲ್ಲಿ ಮಾವನಿಗೆ, ಅತ್ತೆಗೆ ನಿಮ್ಮ ಹೆಸರು ನೆನಪಾಗಲಿಲ್ಲ ಎಂದು ಮೆಲ್ಲಗೆ ಹೇಳಿದೆ. ಮಾವ, "ಎಂದರ ಒಮ್ಮಿ ಹೆಸರ್ಹಿಡದು ಕರದಿದ್ರ, ಮರತದ್ದು ನನಗ ಗೊತ್ತಾಗ್ತಿತ್ತು" ಅಂದರು. ಅಲ್ಲೇ ನನಗೆ ಹೊಳೆಯಬೇಕಿತ್ತು. ಆದರೆ ಅಷ್ಟರಲ್ಲಿ ಡಾಕ್ಟರ ಮಾತಿನ ನೆಪದಲ್ಲಿ ಗೊಂಚಲು ಅತ್ತೆಯ ಸೊಂಟದಿಂದ ನನ್ನ ಸೊಂಟಕ್ಕೆ ಬಂದಾಗಿತ್ತು.

ಗೊಂಚಲು ಬಂತೆಂದರೆ ಏನೇನು ಬರುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಹಾಲಿನವನು ಬಂದ, ತೊಗರಿಗೆ ಹುಳ ಬಂತು, ಮಾವನ ಗುಳಿಗೆ ಯಾವ ಡಬ್ಬಿಯಲ್ಲಿ ಅನ್ನೋ ಪ್ರಶ್ನೆ ದಿನಕ್ಕೆ ನಾಲ್ಕು ಸಲ ಬಂತು. ಶಾಲೆಯಲ್ಲಿ ಹಲಗೆಯ ಮುಂದೆ ನಿಂತು ಚಿಕ್ಕ ಮೆದುಳಿಗೆ ಉಸಿರಾಟದ ಬಾಣ ಹಾಕಿದೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ತಿದ್ದಿದಳು. ರಾತ್ರಿ ಊಟಕ್ಕೆ ಮುಂಚೆಯೇ ನಿದ್ದೆ ಬರುತ್ತಿತ್ತು. ಇಷ್ಟೆಲ್ಲ ಆದರೂ ಸೊಂಟದಲ್ಲಿ ಅದು ಝಣಝಣ ಅಂದಾಗ ಒಂದು ಸುಖವಿತ್ತು, ಅದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ಅತ್ತೆ ಜಗಳ ಮಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಮಾಡಲಿಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದಾಗ ಅವರು ಅಡುಗೆಮನೆಯಲ್ಲಿ ಒಬ್ಬರೇ ನಿಂತು, ಒಂದೊಂದೇ ಪಾತ್ರೆ ಮುಟ್ಟಿ ಪಿಸುಗುಡುತ್ತಿದ್ದರು. ತಾಟ. ತಂಬಿಗಿ. ಪರಾತ. ಸೌಟಿನ ಹತ್ತಿರ ಬಂದು ನಿಂತರು. ತಡೆದು, ಸೌಟು ಅಂದರು. ಮತ್ತೊಮ್ಮೆ ಅಂದರು. ಆ ಬೆಳಗಿನ ಛತ್ರಿ ಅವರನ್ನೂ ಹೆದರಿಸಿತ್ತು ಎಂದು ಆಗ ಗೊತ್ತಾಯಿತು. ನಾನು ಸದ್ದಿಲ್ಲದೆ ಹೊರಗೆ ಹೋಗಿ, ಚಪ್ಪಲಿಯ ಸಪ್ಪಳ ಜೋರಾಗಿ ಮಾಡಿ ಮತ್ತೆ ಒಳಗೆ ಬಂದೆ.

ತಿಂಗಳ ನಂತರ ಮತ್ತೆ ಹುಮನಾಬಾದ್. ಮಾವ ಹಟ ಮಾಡಿ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತರು. ಪೆನ್ನು, ಚಾಳೀಸು, ಕೀಲಿ ಎಲ್ಲ ಸರಿಯಾಯಿತು. ಆಮೇಲೆ ಅದೇ ಪ್ರಶ್ನೆ, ಅದೇ ಗೋಡೆ. ಡಾಕ್ಟರು ಪೆನ್ನು ಎತ್ತಿದರು. ಬಿ.ಪಿ. ಪಟ್ಟಿ ಸುತ್ತುತ್ತಿದ್ದ ನರ್ಸಮ್ಮ ಘಾಟಬೋರಾಳದವಳು. ತಲೆ ಎತ್ತದೆ ಹೇಳಿದಳು.

"ಅವರು ಹೇಳಂಗಿಲ್ರಿ ಸರ್. ನಮ್ಮ ಕಡಿ ಗಂಡನ ಹೆಸರು ಹೇಳಂಗಿಲ್ಲ. ಒಡಪು ಹಾಕಂತ ಕೇಳ್ರಿ, ಹೇಳ್ತಾರ."

ಒಡಪು ಅಂದರೇನು ಎಂದು ಡಾಕ್ಟರಿಗೆ ನಾನೇ ಹೇಳಬೇಕಾಯಿತು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸ ಹೊಂದಿಸಿ ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಹೇಳಬಹುದು. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಸಣ್ಣದಾಯಿತು. ಡಾಕ್ಟರು ಪೆದ್ದರಲ್ಲ. ಬಾಯಿಪಾಠವಾದ ಪದ, ಹಾಡು, ಬೈಗುಳ ಇವೆಲ್ಲ ಮಾತಿನ ಜಾಗ ಕೆಟ್ಟರೂ ಕೆಲವೊಮ್ಮೆ ಉಳಿಯುತ್ತವೆ, ಅದಕ್ಕೆ ಹಳೆಯದು ಬೇಡ, ಈಗ ಇಲ್ಲೇ ಹೊಸದು ಕಟ್ಟಿ ಹೇಳಲಿ ಎಂದರು.

ಅತ್ತೆ ಸೆರಗು ತಲೆ ಮೇಲೆ ಹೊದ್ದರು. ಒಮ್ಮೆ ಬಾಗಿಲ ಕಡೆ, ಒಮ್ಮೆ ನನ್ನ ಸೊಂಟದ ಕಡೆ ನೋಡಿದರು.

"ಹುಮನಾಬಾದಿಗಿ ಬಂದೀನಿ ಸೊಸಿ ಸಾಥ,
ಕಸ್ಕೊಂಡ ಕೀಲಿಕೈ ಕೊಡಸ್ರಿ ವೈಜಿನಾಥ."

ಹೊರಗಿನ ಬೆಂಚು ಕಿರುಗುಟ್ಟಿತು. ಐವತ್ತು ವರ್ಷದ ಸಂಸಾರದಲ್ಲಿ ತಮ್ಮ ಹೆಸರನ್ನು ಆ ಬಾಯಲ್ಲಿ ಒಂದೆರಡು ಸಲವಾದರೂ ಕೇಳಿದ್ದರೋ ಇಲ್ಲವೋ, ಮಾವ ಬಾಗಿಲಲ್ಲಿ ಬಂದು ನಿಂತು, ಡಾಕ್ಟರನ್ನು ಬಿಟ್ಟು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು. ಡಾಕ್ಟರು ಹಳೆಯ ಬರಹದ ಮೇಲೆ ಉದ್ದಕ್ಕೆ ಗೀಟು ಎಳೆದು, ಗುಳಿಗೆ ಮಾತ್ರ ತಪ್ಪಿಸಬೇಡಿ, ಒಲೆ, ಆಟೋ, ಎಲ್ಲ ನಿಮ್ಮಿಷ್ಟ ಎಂದರು. ಗೊಂಚಲನ್ನು ಅಲ್ಲೇ ಬಿಚ್ಚಿ ಕೊಟ್ಟೆ. ಅತ್ತೆ ಒಂದೊಂದನ್ನೂ ತಿರುವಿ ನೋಡಿ ಸಿಕ್ಕಿಸಿಕೊಂಡರು.

ಬಸ್ಸಿನಲ್ಲಿ ಊರು ಹತ್ತಿರ ಬಂದಾಗ ಅತ್ತೆ ಕೇಳಿದರು.

"ನಿನ್ನ ಮದಿವ್ಯಾಗ ನಿನಗ ಒಡಪು ಕಲಿಸಿದಾಕಿ ನಾನ ಅಲ್ಲೇನು? ಅವತ್ತ ಆ ಡಾಕ್ಟರಗ ಯಾಕ ಹೇಳಲಿಲ್ಲ?"

ಹೌದು, ಅವರೇ ಕಲಿಸಿದ್ದು. ಆ ಮೊದಲ ದಿನ ಮೂರನೆಯ ಸಲ ಅತ್ತೆ ನನ್ನ ಕಡೆ ನೋಡಿದಾಗ, ತಲೆಯ ಯಾವುದೋ ಮೂಲೆಯಲ್ಲಿ ಒಡಪು ಮಿಂಚಿ ಹೋದದ್ದೂ ಹೌದು. ನಾನು ಸ್ಕ್ಯಾನಿನ ಕಡೆ ಕಣ್ಣು ತಿರುಗಿಸಿದ್ದೆ. ಅದು ಯಾವ ಭಾಗದ ಕೆಲಸವೆಂದು ಯಾವ ಬಾಣವೂ ತೋರಿಸುವುದಿಲ್ಲ.

ಮರೆತುಬಿಟ್ಟಿದ್ದೆ ಅತ್ತಿ ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಹಂಗಾರ ಸ್ಕ್ಯಾನು ನಿನಗ ಮಾಡಸಬೇಕಿತ್ತು ನೋಡು."

ಹೌದ್ರಿ, ಮಾಡಸಬೇಕಿತ್ತು ಅಂದೆ. ಅಷ್ಟು ದಣಿದಿದ್ದೆ. ನಿಜ ಹೇಳುವುದಕ್ಕಿಂತ ರೋಗಿಯಾಗುವುದೇ ಸುಲಭವೆನಿಸಿತು.