ಬಿಗಿದ ತಂತಿ

ಜೋತು ಬಿದ್ದದ್ದನ್ನೆಲ್ಲ ಎಳೆದು ಕಟ್ಟಬೇಕೆನ್ನುವ ಜನ ಪಕ್ಕದ ಮನೆಯಲ್ಲೇ ಏಕೆ ಇರುತ್ತಾರೋ! ನಾರಾಯಣಪ್ಪ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಆ ಭಾನುವಾರ ಪಂಚಾಕ್ಷರಯ್ಯ ಉಂಡು ಮಲಗಿರುತ್ತಿದ್ದ.

"ಏನ್ರೀ, ಬಟ್ಟೆ ತಂತಿ ಮುದಿ ಎಮ್ಮೆ ಹೊಟ್ಟೆ ಥರ ಜೋತಾಡ್ತಿದೆ! ಮಧ್ಯಾಹ್ನ ಓನರ್ ಬರ್ತಾರೆ, ನೋಡಿದ್ರೆ ಏನಂದ್ಕೋತಾರೆ?"

ಪಂಚಾಕ್ಷರಯ್ಯ ಬೆವತುಹೋದ. ಆ ಜೋಡಿ ಮನೆಗಳ ಒಡೆಯ ಶಂಭುಲಿಂಗಪ್ಪ, ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆದ ತಪ್ಪಿಗೆ ಹಿಂದಿನ ಬಾಡಿಗೆದಾರನನ್ನು ಬಿಡಿಸಿದ್ದವನು. ಯುದ್ಧ ಮುಗಿದಿದ್ದರೂ ಶಂಕರಪುರದಲ್ಲಿ ಮನೆ ಸಿಗುವುದು ರೇಷನ್ ಸಕ್ಕರೆ ಸಿಕ್ಕಷ್ಟೇ ಅಪರೂಪ.

"ಅದನ್ನ ಮುಟ್ಬೇಡಿ!" ಹೆಂಡತಿ ರುದ್ರಾಣಿ ಒಳಗಿನಿಂದ ಕೂಗಿದಳು. "ಜೋಲಾಗಿದ್ರೇನೇ ಭಾರ ತಡೆಯೋದು. ಬಿಗಿದ್ರೆ ಗೋಡೆನೇ ಎಳೆಯುತ್ತೆ."

"ಹೆಂಗಸರಿಗೆ ಏನ್ ಗೊತ್ತಾಗುತ್ತೆ, ಎಳೀರಿ ನೀವು," ಎಂದ ನಾರಾಯಣಪ್ಪ.

ಹೊರಗೋಡೆಯ ಕೊಕ್ಕೆಯಿಂದ ಅಂಗಳದ ಸೀಬೆಮರಕ್ಕೆ ಕಟ್ಟಿದ್ದ ತಂತಿಗೆ ಇಬ್ಬರೂ ಮರದ ಕಡೆ ಹಾರೆ ಸಿಕ್ಕಿಸಿ ತಿರುಚಿದರು. ತಂತಿ ಗೆರೆ ಎಳೆದಂತೆ ನಿಂತಿತು. ಮೀಟಿದರೆ ತಂಬೂರಿಯಂತೆ 'ಟಂಯ್' ಎಂದಿತು.

ರುದ್ರಾಣಿ ಒದ್ದೆ ಜಮಖಾನ ತಂದು ಗಂಡನ ಕೈಗೆ ಹಾಕಿದಳು. "ತಗೊಳ್ಳಿ, ನೀವೇ ಹರವಿ."

ಹರವಿದ. 'ಢಬ್!' ಎಂಟು ವರ್ಷ ಅದೇ ಜಮಖಾನದ ಭಾರ ಹೊತ್ತಿದ್ದ ಗೋಡೆಯ ಕೊಕ್ಕೆ ಎರಡು ಇಟ್ಟಿಗೆ ಸಮೇತ ಕಿತ್ತು ಬಂತು. ತಲೆಯೆತ್ತರದಲ್ಲಿ ಕುಂಬಳಕಾಯಿ ಹಿಡಿಸುವಷ್ಟು ತೂತು.

"ಗೋಡೆ ಹಳೇದು ಕಣ್ರೀ," ಎಂದು ನಾರಾಯಣಪ್ಪ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಪಂಚಾಕ್ಷರಯ್ಯ ಹಗ್ಗದ ಮಂಚವನ್ನು ಎಳೆತಂದು ತೂತಿಗೆ ಅಡ್ಡ ನಿಲ್ಲಿಸಿದ.

"ಮಂಚ ಯಾಕ್ರೀ ಇಲ್ಲಿ?" ಶಂಭುಲಿಂಗಪ್ಪ ಕೇಳಿದ.

"ತಿಗಣೆ, ಸ್ವಾಮಿ. ಬಿಸಿಲಿಗೆ."

ಶಂಭುಲಿಂಗಪ್ಪ ಒಳಗೆಲ್ಲ ಬೆತ್ತದಲ್ಲಿ ಗೋಡೆ ಕುಟ್ಟಿ ನೋಡಿದ. ನಾರಾಯಣಪ್ಪನ ಮನೆಗೂ ಹೋಗಿ ಕುಟ್ಟಿ, ವಾಪಸು ಬಂದ.

"ಅವನ ಗೋಡೆ ಮುಟ್ಟಿದ್ರೆ ಪುಡಿ ಉದುರುತ್ತೆ. ನಿಮ್ದು ಕಲ್ಲು ಕಣ್ರೀ! ಬಹಳ ಸಂತೋಷ."

ಪಂಚಾಕ್ಷರಯ್ಯನಿಗೆ ಹೋದ ಜೀವ ಬಂತು.

"ನನ್ನ ಮಗಳು, ಅಳಿಯ ಬರ್ತಿದಾರೆ. ಎರಡ್ರಲ್ಲಿ ಗಟ್ಟಿ ಮನೆ ಅವರಿಗೇ ಅಂತ ತೀರ್ಮಾನ ಮಾಡಿದೀನಿ. ಒಂದು ತಿಂಗಳಲ್ಲಿ ಬಿಟ್ಕೊಡಿ."

ಬಂದ ಜೀವ ಮತ್ತೆ ಹೋಯಿತು. ಪಂಚಾಕ್ಷರಯ್ಯ ಒಂದೇ ನೆಗೆತಕ್ಕೆ ಮಂಚ ಎಳೆದುಹಾಕಿದ. "ಗಟ್ಟಿ ಎಲ್ಲಿ ಸ್ವಾಮಿ? ನೋಡಿ, ತೂತು! ನಾರಾಯಣಪ್ಪನ ಮನೇನೇ ವಾಸಿ!"

ಶಂಭುಲಿಂಗಪ್ಪ ತೂತು ನೋಡಿದ, ಹಾರೆ ನೋಡಿದ. "ನೀವು ಕಿತ್ತಿದ್ದಾ?"

"ಹೌದು ಸ್ವಾಮಿ, ನಾನೇ!" ಬಹುಮಾನ ಬಂದವನಂತೆ ಹೇಳಿದ ಪಂಚಾಕ್ಷರಯ್ಯ.

"ಹಾಗಾದ್ರೆ ತಿಂಗಳು ಯಾಕೆ? ನಾಳೇನೇ ಖಾಲಿ ಮಾಡಿ. ಗಾರೆಯವನನ್ನ ಕಳಿಸ್ತೀನಿ."

ಶಂಭುಲಿಂಗಪ್ಪ ಗೇಟು ದಾಟಿದೊಡನೆ ಕಾಂಪೌಂಡಿನ ಮೇಲೆ ನಾರಾಯಣಪ್ಪನ ತಲೆ ಕಾಣಿಸಿತು.

"ಸಾಮಾನು ಕಟ್ಟೋಕೆ ಹಗ್ಗ ಬೇಕೇನ್ರೀ? ಚೆನ್ನಾಗಿ ಎಳೆದು ಕಟ್ಟಿ. ಜೋತು ಬಿದ್ರೆ ಚೆನ್ನಾಗಿರಲ್ಲ."