ಮೂರನೇ ಪ್ರಶ್ನೆ

ಬಾಳಕೃಷ್ಣರಾಯರು ಹನುಮೇಶನ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿದ್ದೇ ಎಲ್ಲಕ್ಕೂ ಮೂಲ. ಸುತ್ತಿನೊಳಗೆ ಇದ್ದದ್ದು ಬರೀ ಖಾಲಿ ಜಾಗ. ಸರ್ಟಿಫಿಕೇಟಿನ ನಂಬರು ಬರೆಯಬೇಕಾದ ಜಾಗ.

ತಿರ್ಲಾಪುರದ ಹತ್ತಿ ಬೆಳೆಗಾರರ ಸಂಘದ ಕಂಪ್ಯೂಟರನ್ನು ನಾಲ್ಕು ವರ್ಷದಿಂದ ನಡೆಸುತ್ತಿದ್ದವನು ಹನುಮೇಶನೇ. ಅದು ಕೆಸರಿನಲ್ಲಿ ಕುಂತ ಎಮ್ಮೆಯ ಹಾಗೆ ಅಲುಗದೇ ಹೋದಾಗ ಮುಕ್ತ ಸಾಫ್ಟ್‌ವೇರ್ ಹಾಕಿ ಎಬ್ಬಿಸಿದ್ದ. ಯಾರು ಬೇಕಾದರೂ ತಗೊಂಡು, ಒಳಗೆ ಬಿಚ್ಚಿ ನೋಡಿ, ತಿದ್ದಿ, ಇನ್ನೊಬ್ಬರಿಗೆ ಕೊಡಬಹುದಾದ ಸಾಮಾನು ಅದು. ಆವತ್ತಿನಿಂದ ರೈತರಿಗೆ ಕೊಡುವ ಹತ್ತಿ ತೂಕದ ಚೀಟಿ ಒಂದು ದಿನವೂ ನಿಂತಿರಲಿಲ್ಲ. ಈಗ ಆ ಕೆಲಸ ಕಾಯಂ ಆಗುವುದಿತ್ತು. ಬಂದದ್ದು ಎರಡೇ ಅರ್ಜಿ. ಇನ್ನೊಂದು, ತಕ್ಕಡಿ ಹತ್ತಿರ ಕೂಡುವ ರೂಬಿನಾಳದು. ಒಂದು ವರ್ಷದಿಂದ ಹನುಮೇಶನ ಕೈಯಲ್ಲೇ ಕಲಿತ ಹುಡುಗಿ. ಅವಳ ಅರ್ಜಿಯ ಮೇಲೂ ಅದೇ ಸುತ್ತು.

"ಹುಬ್ಬಳ್ಳಿಗೆ ಹೋಗಿ ಒಂದ್ ಕೋರ್ಸ್ ಮಾಡಿ ಬಾರಪಾ," ಅಂದರು ಕಾರ್ಯದರ್ಶಿ ರಾಯರು. "ಸರ್ಟಿಫಿಕೇಟ್ ಇಲ್ಲದ ಹ್ಯಾಂಗ ತಗೊಳ್ಳಲಿ?"

"ಅಲ್ಲಿ ಕಲಸೋರು ಈ ಸಾಫ್ಟ್‌ವೇರ್ ಮಾರಿ ಸೈತ ನೋಡಿಲ್ರಿ. ಅವರ ಸಹಿ ಶಿಕ್ಕಾ ನನಗ್ಯಾಕ ಬೇಕು?"

"ಮತ್ತ ಯಾರ ಕೊಡಬೇಕು?"

ಈ ಮಾತಿಗೆ ಆಡಳಿತ ಮಂಡಳಿಯೇ ಕೂಡಬೇಕಾಯಿತು. ಪಂಚಾಯ್ತಿಯವರು ಕೊಡಲಿ ಅಂದ ಒಬ್ಬ, ಸಾಲಿ ಹೆಡ್‌ಮಾಸ್ತರು ಕೊಡಲಿ ಅಂದ ಇನ್ನೊಬ್ಬ. ಹೊಳೆಯಪ್ಪ ಕಾಕಾ ಮಾತ್ರ, ನವಲಗುಂದದಾಗ ತನ್ನ ಅಳಿಯನ ಛಾಪಖಾನೆ ಇದೆ, ಎಂಥಾದ್ದು ಬೇಕು ಹೇಳಿದರೆ ಸಂಜಿಯೊಳಗ ತರಿಸುತ್ತೇನೆ, ಬಂಗಾರದ ಬಾರ್ಡರ್ ಸೈತ ಇರ್ತೈತಿ ಅಂದ. ಹನುಮೇಶ ಒಂದಕ್ಕೂ ಬಗ್ಗಲಿಲ್ಲ. ಕೆಲಸ ಹೋದರೂ ಹೋಗಲಿ, ಕೆಲಸ ಗೊತ್ತಿಲ್ಲದವರ ಸಹಿ ಒಲ್ಲೆ ಅಂತ ಬಾಗಿಲಲ್ಲೇ ನಿಂತ.

ಕಡೆಗೆ ಅಧ್ಯಕ್ಷೆ ಸಾವಂತ್ರೆವ್ವ ಎಲೆಅಡಿಕೆ ಚೀಲ ಬಾಜುಕ್ಕಿಟ್ಟಳು.

"ಬಿತ್ತಾಕ ಕೂರಗಿ ಹಿಡಿಯಾಂವಗ ಸರ್ಟಿಫಿಕೇಟ್ ಕೇಳೇವೇನು? ನಾಕ್ ಸಾಲ ಬಿತ್ತಸ್ತೀವಿ. ನೆಟ್ಟಗ ಐತೋ ಇಲ್ಲೋ ಅಂತ ಬಾಜು ಹೊಲದಾಗ ಕೂರಗಿ ಹಿಡದಾಂವ ಹೇಳ್ತಾನ. ಬಿತ್ತಿದಾಂವ ಹೇಳಂಗಿಲ್ಲ, ಬೀಜಾ ಮಾರಾಂವನೂ ಹೇಳಂಗಿಲ್ಲ. ಇದಕ್ಕೂ ಹಂಗ ಮಾಡ್ರಿ."

ಠರಾವಾಯಿತು. ಪೂರಾ ಬಲ್ಲವನು ಹನುಮೇಶ ಒಬ್ಬನೇ ಆದ್ದರಿಂದ ಪ್ರಶ್ನೆಪತ್ರಿಕೆ ಅವನೇ ಬರೆಯಬೇಕು. ಮೊದಲು ಅವನು ರೂಬಿನಾಳನ್ನು ಪರೀಕ್ಷೆ ಮಾಡಬೇಕು, ಪಾಸಾದರೆ ಅವಳು ಅವನನ್ನು ಪರೀಕ್ಷೆ ಮಾಡಬೇಕು.

ಹನುಮೇಶ ಗೆದ್ದ ಪೈಲವಾನನ ಹಾಗೆ ತೋಳು ಏರಿಸಿ ಬರೆದ. ಒಂದು: ಕೆಟ್ಟ ಕಂಪ್ಯೂಟರ್ ಎಬ್ಬಿಸು. ಎರಡು: ಕರೆಂಟ್ ಹೋದಾಗ ಕಳೆದ ಚೀಟಿ ಹುಡುಕಿ ತೆಗೆ. ಇಷ್ಟಕ್ಕೆ ಬಿಡಬಹುದಿತ್ತು. ಆದರೆ ವಿದ್ಯೆಯನ್ನು ಮುಚ್ಚಿಟ್ಟು ಮಾರುವ ಹುಬ್ಬಳ್ಳಿಯವರಿಗೆ ಒಂದು ಏಟು ಕೊಡಬೇಕೆನಿಸಿತು. ಮೂರು: ನಾಳೆ ನೀನಿಲ್ಲದಿದ್ದರೂ ಇನ್ನೊಬ್ಬರು ಮಾಡುವ ಹಾಗೆ ಎಲ್ಲಾ ಬರೆದಿಟ್ಟ ವಹಿ ತೋರಿಸು. ಕೆಳಗೆ ಎರಡು ಗೀಟು ಎಳೆದು, 'ಇದು ತಪ್ಪಿದರೆ ನಪಾಸು' ಅಂತ ಸೇರಿಸಿದ.

ಮಧ್ಯಾಹ್ನದೊಳಗೆ ರೂಬಿನಾ ಮೂರನ್ನೂ ಮಾಡಿ ತೋರಿಸಿದಳು. ಅವಳ ವಹಿ ಹಾಳೆ ಮಡಚಿ ಮಡಚಿ ಉಬ್ಬಿತ್ತು. ಹನುಮೇಶ ಹೆಮ್ಮೆಯಿಂದ ಒಂದನೇ ನಂಬರಿನ ಸರ್ಟಿಫಿಕೇಟಿಗೆ ಸಹಿ ಹಾಕಿದ.

ಆಮೇಲೆ ಅವನ ಪಾಳಿ. ಮೊದಲೆರಡನ್ನು ಚಹಾ ಆರುವುದರೊಳಗೆ ಮುಗಿಸಿದ.

"ವಹಿ ತೋರಸ್ರಿ, ಸರ," ಅಂದಳು ರೂಬಿನಾ.

ಹನುಮೇಶ ನಕ್ಕು ಹಣೆ ಮುಟ್ಟಿಕೊಂಡ. "ಎಲ್ಲಾ ಇಲ್ಲೈತೆವಾ."

"ತಲಿ ತಗದು ಟೇಬಲ್ ಮ್ಯಾಲೆ ಇಟ್ಟು ಹೋಗಾಕ ಬರಂಗಿಲ್ಲಲ್ರಿ."

"ನಿನ್ನ ವಹಿಯಾಗ ಇದ್ದದ್ದೆಲ್ಲಾ ನಾನ ಹೇಳಿದ್ದಲ್ಲೇನು?"

"ಹೌದ್ರಿ. ಹೇಳಿದ್ದು ನೀವು, ಬರದದ್ದು ನಾ." ಅವಳು ಪೆನ್ನು ಎತ್ತಿ, ಮನಸ್ಸಿಲ್ಲದ ಮನಸ್ಸಿನಿಂದ 'ನಪಾಸು' ಅಂತ ಬರೆದಳು.

ಬಾಳಕೃಷ್ಣರಾಯರಿಗೂ ಕೆಡುಕೆನಿಸಿತು. "ಮೂರನೇ ಪ್ರಶ್ನೆ ಹೊಡದು ಹಾಕೂಣೇನು? ಇಲ್ಲಾ, ಹುಬ್ಬಳ್ಳಿದ ತಂದ್ರೂ ನಡೀತದ," ಅಂತ ಕೆಂಪು ಪೆನ್ನನ್ನೇ ಚಾಚಿದರು.

ಹನುಮೇಶ ಪೆನ್ನು ಮುಟ್ಟಲಿಲ್ಲ. "ಪ್ರಶ್ನೆ ಇರ್ಲ್ರಿ. ನನ್ನ ನಪಾಸ್ ಮಾಡಿದಾಕಿ ಕೆಲಸಾ ಬಲ್ಲಾಕಿ. ಏನೂ ಬರಲಾರದೋರ ಕಡೆ ಪಾಸಾಗೂದಕಿಂತ ಇದ ಚಲೋ."

ರೂಬಿನಾ ಕಂಪ್ಯೂಟರ್ ಮುಂದೆ ಕುಂತಳು. ಅವಳು ಬಿಟ್ಟ ತಕ್ಕಡಿಯ ಸ್ಟೂಲು ಹನುಮೇಶನ ಪಾಲಿಗೆ ಬಂತು. ಅಂಗಡಿಯಿಂದ ಇನ್ನೂರು ಹಾಳೆಯ ವಹಿ ತಂದು, ಮೊದಲ ಹಾಳೆ ತೆರೆದು, ಪೆನ್ನು ಕಚ್ಚುತ್ತಾ ಬಹಳ ಹೊತ್ತು ಕುಂತ. ಎಲ್ಲಿಂದ ಶುರು ಮಾಡುವುದೆಂದೇ ಹೊಳೆಯಲಿಲ್ಲ. ಕೊನೆಗೆ ಎದ್ದು ಬಂದ.

"ರೂಬಿನಾ, ನಿನ್ನ ವಹಿ ಕೊಡವಾ, ನಕಲು ಮಾಡ್ಕೋತೀನಿ. ಮುಕ್ತ ಅಂದಮ್ಯಾಲ ಮುಚ್ಚಿಡಬಾರದಲ್ಲ."

"ಕೊಡ್ತೀನ್ರಿ, ಸರ," ಅಂದಳು ರೂಬಿನಾ, ವಹಿಯನ್ನು ಟೇಬಲ್ಲಿನ ಖಾನೆಯೊಳಗಿಟ್ಟು ಕೀಲಿ ಹಾಕುತ್ತಾ. "ಆದ್ರ ಪರೀಕ್ಷಾ ಪಾಸಾದ ಮ್ಯಾಲ."