ಮುರಿಯುವ ಮುನ್ನ ಲೂಪ್ ಹಾಕಕೂಡದು

ವಾಹನ ತಳಭಾಗ ಪರಿಶೀಲನಾಧಿಕಾರಿಗಳ ಕಾರ್ಯಾಲಯ, ಕಾಗಿಣಾ ವೃತ್ತ
(ವ್ಯಾಪ್ತಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ)

ಸಂಖ್ಯೆ: ವಾತಪ/ಕಾವೃ/ಲೂಪ್/ಸಿಆರ್-7/2024-25
ಅತಿ ತುರ್ತು: ಜೀಪಿನ ಮೂಲಕ

ಸುತ್ತೋಲೆ

ವಿಷಯ: ಮಾರ್ಪಡಿಸಿದ ವೇಗದ ಕಾರುಗಳ ಶಾಫ್ಟಿಗೆ ಸೇಫ್ಟಿ ಲೂಪ್ ಅಳವಡಿಸುವ ದುರಭ್ಯಾಸವನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: 1. ಶಹಾಬಾದ ನಿವಾಸಿ ಕು. ಲುಂಬಿನಿ ಇವರ ಅರ್ಜಿ.
2. ಕಚೇರಿಯ ನೀರಿನ ಗಡಿಗೆಯನ್ನು ಸ್ಥಳದಿಂದ ಸರಿಸದಿರುವ ಬಗ್ಗೆ ಕೆಳಸಹಿದಾರರ ಆದೇಶ.

1. ಉಲ್ಲೇಖ ಒಂದರ ಅರ್ಜಿದಾರರು ವೃತ್ತಿಯಿಂದ ಎಂಜಿನಿಯರ್ ಆಗಿದ್ದು, ಈ ಕಾರ್ಯಾಲಯವು ಹರಾಜಿನಲ್ಲಿ ವಿಲೇವಾರಿ ಮಾಡಿದ ಬಿಳಿ ಅಂಬಾಸಿಡರ್ ಕಾರನ್ನು ಖರೀದಿಸಿ, ಅದಕ್ಕೆ ಅಧಿಕ ಶಕ್ತಿಯ ಎಂಜಿನ್ ಕೂರಿಸಿರುತ್ತಾರೆ. ಕೆಳಸಹಿದಾರರ ಸೇವೆಯಲ್ಲಿದ್ದಾಗ ಎತ್ತಿನ ಬಂಡಿಗೂ ದಾರಿ ಬಿಡುತ್ತಿದ್ದ ಸದರಿ ವಾಹನವು ಈಗ ಯಾರಿಗೂ ದಾರಿ ಬಿಡುತ್ತಿಲ್ಲವೆಂದು ತಿಳಿದುಬಂದಿದೆ. ಬರುವ ಭಾನುವಾರ ಹೈದರಾಬಾದಿನ ಬಳಿ ನಡೆಯುವ ವೇಗಸ್ಪರ್ಧೆಗೆ ಕಾರನ್ನು ಒಯ್ಯಲು ಅವರು ಅನುಮತಿ ಕೋರಿರುತ್ತಾರೆ. ಲೂಪ್ ಇಲ್ಲದ ಕಾರನ್ನು ಅಲ್ಲಿ ಓಡಲು ಬಿಡುವುದಿಲ್ಲವಾದ್ದರಿಂದ ಅವರು ಅದನ್ನು ಮೊದಲೇ ಅಳವಡಿಸಿರುತ್ತಾರೆ.

2. ಲೂಪ್ ಎಂದರೆ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟನ್ನು ಸುತ್ತುವರಿದು, ಕಾರಿನ ತಳಕ್ಕೆ ಬೋಲ್ಟ್ ಮಾಡಲಾದ ಉಕ್ಕಿನ ಬಳೆ. ಶಾಫ್ಟ್ ಮುರಿದರೆ ಅದು ರಸ್ತೆಗೆ ನಾಟದಂತೆ, ಕಾರಿನೊಳಗೆ ನುಗ್ಗದಂತೆ ಹಿಡಿದಿಡುವುದೇ ಇದರ ಕೆಲಸ. ಅಲ್ಲಿಯವರೆಗೆ ಇದು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಇರುತ್ತದೆ. ಈ ಸಂಬಂಧ ಇದನ್ನು ಕಾರ್ಯಾಲಯದ ಸಿಬ್ಬಂದಿಗೆ ಹೋಲಿಸಿ ಅರ್ಜಿದಾರರು ಆಡಿದ ಮಾತನ್ನು ಕಡತದಿಂದ ತೆಗೆದುಹಾಕಲಾಗಿದೆ.

3. ಶಾಫ್ಟ್ ಮುರಿದ ಬಗ್ಗೆ ಪುರಾವೆ ಒದಗಿಸುವಂತೆ ಕೇಳಲಾಗಿ, ಅರ್ಜಿದಾರರು "ಮುರದಿಲ್ರಿ ಸರ. ಮುರದ್ರ ಕೈಕಾಲು ಉಳೀಲಿ ಅಂತ ಹಾಕೀನಿ" ಎಂದು ಹೇಳಿಕೆ ನೀಡಿರುತ್ತಾರೆ. ಇದು ಸ್ಪಷ್ಟವಾದ ತಪ್ಪೊಪ್ಪಿಗೆಯಾಗಿರುತ್ತದೆ. ನಡೆಯದ ಘಟನೆಗೆ ಪರಿಹಾರ ಒದಗಿಸಿದ ಕಾರಣ ಲೂಪನ್ನು ಬಿಚ್ಚಿಸಿ ಜಪ್ತಿ ಮಾಡಲಾಯಿತು. ಶಾಫ್ಟ್ ಮುರಿದ ನಂತರ ಮರು ಅರ್ಜಿ ಸಲ್ಲಿಸಲು ಸೂಚಿಸಲಾಯಿತು.

4. ಇದೇ ತತ್ವವನ್ನು ವೃತ್ತದಾದ್ಯಂತ ಜಾರಿಗೊಳಿಸಿ ಈ ಮೂಲಕ ಆದೇಶಿಸಲಾಗಿದೆ:
ಅ) ಶಾಫ್ಟ್ ಮುರಿಯುವ ಮುನ್ನ ಲೂಪ್ ಅಳವಡಿಸುವುದನ್ನು ನಿಷೇಧಿಸಿದೆ.
ಆ) ಶಹಾಬಾದಿನಿಂದ ಕಲ್ಲು ಸಾಗಿಸುವ ಟ್ರ್ಯಾಕ್ಟರಿನವರು ಕಲ್ಲು ಒಮ್ಮೆ ಉರುಳಿದ ನಂತರವೇ ಹಗ್ಗ ಬಿಗಿಯತಕ್ಕದ್ದು.
ಇ) ಚಿಂಚೋಳಿ ಭಾಗದಲ್ಲಿ ಬಾವಿಗೆ ಕಟ್ಟೆ ಕಟ್ಟಿಸುವವರು, ಬಿದ್ದವರ ಸಹಿಯುಳ್ಳ ಒಪ್ಪಿಗೆ ಪತ್ರ ಲಗತ್ತಿಸತಕ್ಕದ್ದು. ಬಿದ್ದವರು ಮೇಲೆ ಬಾರದಿದ್ದಲ್ಲಿ ಪತ್ರವನ್ನು ಕೆಳಗೇ ಇಳಿಸಿ ಸಹಿ ಪಡೆಯಬಹುದು.

5. ಜಪ್ತಿ ಮಾಡಿದ ಲೂಪ್ ವೃಥಾ ಬಿದ್ದಿರಬಾರದೆಂಬ ಸದುದ್ದೇಶದಿಂದ, ಉರುಳುತ್ತಿದ್ದ ನೀರಿನ ಗಡಿಗೆಗೆ ಸಿಂಬಿಯಾಗಿ ಅದನ್ನು ಬಳಸಲಾಗಿರುತ್ತದೆ. ಅಳತೆ ಸರಿಹೊಂದಿದ್ದರಿಂದ ಸಂತಸಗೊಂಡು, ಬೇಸಿಗೆ ಮುಗಿಯುವವರೆಗೆ ಲಿಖಿತ ಆದೇಶವಿಲ್ಲದೆ ಗಡಿಗೆಯನ್ನು ಯಾರೂ ಸರಿಸಕೂಡದೆಂದು ಕೆಳಸಹಿದಾರರು ಆದೇಶಿಸಿದ್ದು ಸರಿಯಷ್ಟೆ.

6. ತರುವಾಯ ಲೂಪ್ ರಹಿತ ಕಾರಿನ ರಸ್ತೆ ಪರೀಕ್ಷೆಯನ್ನು ಇಂದು ಕೈಗೊಳ್ಳಲಾಯಿತು. ಅರ್ಜಿದಾರರು ಚಾಲನೆ ಮಾಡಿದರು. ಪೂರ್ವಸಂಪ್ರದಾಯದಂತೆ ಕೆಳಸಹಿದಾರರು ಹಿಂದಿನ ಆಸನದಲ್ಲಿ ಆಸೀನರಾಗಿದ್ದರು. ದಂಡೋತಿ ಸೇತುವೆಗೆ ಮುಂಚೆ ತಳದಿಂದ ಟಕಟಕ ಸದ್ದು ಕೇಳಿಬಂತು. ಅರ್ಜಿದಾರರು ವೇಗ ತಗ್ಗಿಸುತ್ತ, "ಸರ, ಕಾಲ ಮ್ಯಾಲ ತಗೊಂಡು ಕುಂದ್ರಿ" ಎಂದರು. ಅಧಿಕಾರಿಗೆ ಕಾಲು ಎತ್ತಲು ಹೇಳುವುದು ಅಗೌರವವೆಂದು ಕೆಳಸಹಿದಾರರು ಆಕ್ಷೇಪಿಸಿದರು. ಆದರೆ ಆಕ್ಷೇಪಿಸುವಾಗಲೇ ಕಾಲು ಎತ್ತಿದರು. ಆಗ ಶಾಫ್ಟಿನ ಮುಂದಿನ ಜಾಯಿಂಟ್ ಮುರಿದು, ಕಳಚಿದ ತುದಿಯು ಮೊದಲು ರಸ್ತೆಯನ್ನೂ ಅನಂತರ ಕಾರಿನ ತಳವನ್ನೂ ಬಡಿದು, ಪಾದಗಳು ಇದ್ದ ಸ್ಥಳದಲ್ಲಿ ಒಳಬಂದು, ಕೆಳಸಹಿದಾರರ ಬುತ್ತಿ ಡಬ್ಬಿಯನ್ನು ಚಪ್ಪಟೆ ಮಾಡಿತು. ರೊಟ್ಟಿಗಳು ಮೊದಲೇ ಚಪ್ಪಟೆಯಾಗಿದ್ದರಿಂದ ಅವುಗಳಿಗೆ ಹಾನಿಯಾಗಿರುವುದಿಲ್ಲ.

7. ಸದರಿ ಘಟನೆಯನ್ನು 'ಅಪಘಾತ' ಎನ್ನಕೂಡದು. 'ಪುರಾವೆ ಸ್ವೀಕೃತಿ' ಎನ್ನತಕ್ಕದ್ದು.

8. ಕೆಳಸಹಿದಾರರನ್ನು ಕರೆದೊಯ್ಯಲು ಚಾಲಕ ತಾರೀಕ ಇವರು ಕಾರ್ಯಾಲಯದ ಜೀಪು ತಂದರು. ಮೊದಲ ಬಾರಿಗೆ ಬಗ್ಗಿ ನೋಡಲಾಗಿ, ಜೀಪಿಗೂ ಶಾಫ್ಟ್ ಇರುವುದು, ಲೂಪ್ ಇಲ್ಲದಿರುವುದು ಕಂಡುಬಂತು. "ಸಾಹೇಬ್, ಇಷ್ಟ ವರ್ಷ ಇದ್ರಾಗೇ ಕುಂತ ತಿರುಗೀರಿ. ಇವತ್ತ್ಯಾಕ ಕೆಳಗ ನೋಡಾಕತ್ತೀರಿ?" ಎಂಬ ಚಾಲಕರ ಪ್ರಶ್ನೆಯನ್ನು ಪರಿಶೀಲನೆಯಲ್ಲಿಡಲಾಗಿದೆ. ಕೆಳಸಹಿದಾರರು ಜೀಪು ಹತ್ತಿರುವುದಿಲ್ಲ.

9. ಅರ್ಜಿದಾರರು ಶಹಾಬಾದಿನಿಂದ ಬದಲಿ ಶಾಫ್ಟ್ ತರಿಸಿ ಕೂರಿಸಿದ್ದಾರೆ. ತಮ್ಮನ್ನು ಅದೇ ಕಾರಿನಲ್ಲಿ ಕಚೇರಿಗೆ ಬಿಡುವಂತೆ ಕೆಳಸಹಿದಾರರು ಸೂಚಿಸಲು, ಅರ್ಜಿದಾರರು "ನನ್ನ ಲೂಪ್ ತರಸ್ರಿ. ಅದು ಬರೂತನಕ ಗಾಡಿ ಹೊಂಡಂಗಿಲ್ಲ" ಎಂದು ತಿಳಿಸಿ, ಬೇವಿನ ನೆರಳಿನಲ್ಲಿ ಕುಳಿತಿರುತ್ತಾರೆ.

10. ಲೂಪ್ ಕಳುಹಿಸುವಂತೆ ಗುಮಾಸ್ತೆ ಗುರುದೇವಿ ಇವರಿಗೆ ದೂರವಾಣಿ ಮೂಲಕ ಆದೇಶಿಸಲಾಯಿತು. ಅವರು, "ಬಾಯಿಮಾತಿಗೆ ಗಡಿಗಿ ಸರಸಂಗಿಲ್ಲ ಅಂತ ನೀವೇ ಸಹಿ ಮಾಡೀರಲ್ರಿ ಸರ? ಬರದ ಕಳಸ್ರಿ. ಬಿಸಲು ಭಾಳ ಅದ, ನೀರರ ಕುಡೀರಿ" ಎಂದು ಉತ್ತರಿಸಿದರು. ನೀರು ಗಡಿಗೆಯಲ್ಲಿರುತ್ತದೆ.

11. ಆದ್ದರಿಂದ ಉಲ್ಲೇಖ ಎರಡರ ಆದೇಶವನ್ನು ರದ್ದುಪಡಿಸಿ, ಗಡಿಗೆಯನ್ನು ಎತ್ತಿ ಲೂಪನ್ನು ಇದೇ ಜೀಪಿನಲ್ಲಿ ಕಳುಹಿಸಲು ಸೂಚಿಸಿದೆ. ಅರ್ಜಿದಾರರಿಗೆ ಲೂಪ್ ಅಳವಡಿಸಲು ಹಾಗೂ ಭಾನುವಾರದ ಸ್ಪರ್ಧೆಗೆ ತೆರಳಲು ಅನುಮತಿ ನೀಡಿದೆ. ಕೆಳಸಹಿದಾರರು ಪ್ರಯಾಣಿಸುವ ವಾಹನಕ್ಕೆ ಮಾತ್ರ ಕಲಂ 4 ಅನ್ವಯಿಸುವುದಿಲ್ಲ. ಸಾರ್ವಜನಿಕರ ಕಾಲುಗಳಿಗೆ ಯಥಾಪ್ರಕಾರ ಅನ್ವಯಿಸುತ್ತದೆ.

ಸಹಿ/-
ವಾಹನ ತಳಭಾಗ ಪರಿಶೀಲನಾಧಿಕಾರಿ
ಕಾಗಿಣಾ ವೃತ್ತ
(ಸ್ಥಳ: ದಂಡೋತಿ ಸೇತುವೆಯ ಈಚೆ, ಚಹಾ ಅಂಗಡಿಯ ಬೆಂಚು)

ಪ್ರತಿಗಳು:
1. ಗುಮಾಸ್ತೆ ಗುರುದೇವಿ ಇವರಿಗೆ: ಲೂಪ್ ಕಳುಹಿಸಲು, ಮುಂದಿನ ಆದೇಶದವರೆಗೆ ಗಡಿಗೆಯನ್ನು ಹಿಡಿದುಕೊಂಡಿರಲು.
2. ಚಾಲಕ ತಾರೀಕ ಇವರಿಗೆ: ಹೋಗಿ ಬರಲು, ಪ್ರಶ್ನೆ ಕೇಳದಿರಲು.
3. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೂಚನಾ ಫಲಕಗಳಿಗೆ: ಕಲಂ 4ನ್ನು ದೊಡ್ಡ ಅಕ್ಷರದಲ್ಲಿ ಪ್ರಕಟಿಸಲು, ಕಲಂ 11ರ ಮೇಲೆ ಇನ್ನೊಂದು ಕಾಗದ ಅಂಟಿಸಲು.
4. ಚಹಾ ಅಂಗಡಿಯ ಮಾಲೀಕರಿಗೆ: ಬೆಂಚನ್ನು ಕಚೇರಿಯೆಂದು ಭಾವಿಸಲು.
5. ಕು. ಲುಂಬಿನಿ ಇವರಿಗೆ: ಮಾಹಿತಿಗಾಗಿ. ಸದರಿಯವರು ಪೂರ್ತಿ ಓದಿ, ಬೋಲ್ಟ್ ಬಿಗಿಯುವ ಪಾನಾವನ್ನು ಕೆಳಗಿಟ್ಟು, "ಮಂದಿಗಿ ನಿಷೇಧ ಉಳೀತಂದ್ರ ನೀವೂ ಇಲ್ಲೇ ಉಳೀರಿ ಸರ" ಎಂದಿರುವುದರಿಂದ, ಕಲಂ 4ನ್ನು ಸಂಪೂರ್ಣವಾಗಿ ರದ್ದುಪಡಿಸಿದೆ.